ಮೊಳೆಗೆ ಬೀಳದ ಉಂಗುರ

ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಗೆ ಅದ್ದಿ ಅದ್ದಿ ರಿಪೇರಿ ಅಕ್ಕ ಎಂಜಿನ್ನಿನ ಸಂದುಗೊಂದುಗಳನ್ನು ಉಜ್ಜುತ್ತಿದ್ದಳು. ತಳ ಹತ್ತಿದ ಪಾತ್ರೆ ತಿಕ್ಕುವವರ ಹಾಗೆ ಮೊದಲು ನೆನೆಸಿದಳು, ಆಮೇಲೆ ಕೆರೆದಳು, ಬೈಯುವುದನ್ನು ಕೊನೆಗೆ ಇಟ್ಟುಕೊಂಡಳು. ಹುಲ್ಲಿನ ಚೂರು, ಧೂಳು, ಎಣ್ಣೆ ಮೂರೂ ಸೇರಿ ಕರಿ ಹಿಟ್ಟಿನಂತೆ ಮೆತ್ತಿಕೊಂಡಿದ್ದವು.

"ಇದನ್ನ ತೊಳೆದ್ರೆ ಸಾಕ್ಷಿ ತೊಳೆದ ಹಾಗಾಗಲ್ವೇನಮ್ಮ?" ಎಂದಳು ಗುಮಾಸ್ತೆ. ವಿಚಾರಣೆಯವರು ಕಳಿಸಿದ್ದ ಹೆಂಗಸು ಅವಳು. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಕಂಡದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು.

"ಮುಖ ತೊಳೀದೆ ಗಾಯ ಎಲ್ಲಿದೆ ಅಂತ ಹೇಳೋಕಾಗುತ್ತಾ? ಕೊಳೆ ಇದ್ದಾಗಿನ ಫೋಟೋ ನೀವೇ ತೆಗೆದಿದ್ದೀರಿ. ಈಗ ತೊಳೆದದ್ದನ್ನೂ ಬರ್ಕೊಳ್ಳಿ."

ಹನ್ನೊಂದು ದಿನದ ಹಿಂದೆ, ಸೋಮವಾರ ಬೆಳಿಗ್ಗೆ, ಕೂತು ಓಡಿಸುವ ಈ ಹುಲ್ಲು ಕತ್ತರಿಸುವ ಗಾಡಿ ತಾನೇ ಸುರಿಸಿಕೊಂಡ ಎಣ್ಣೆಯ ಮೇಲೆ ಜಾರಿ, ಶೆಡ್ಡಿನ ಇಳಿಜಾರಿನಲ್ಲಿ ನಿಂತಿದ್ದ ಕಾವಲುಗಾರ ತಾತನ ಕಾಲು ಮುರಿದಿತ್ತು. ಓಡಿಸುತ್ತಿದ್ದವನು ಅಕ್ಕನ ತಮ್ಮ. ನಾಳೆ ಹತ್ತು ಗಂಟೆಗೆ ವಿಚಾರಣೆ. ತಪ್ಪು ಅವನದೇ ಎಂದಾದರೆ ಕೆಲಸ ಹೋಗುತ್ತದೆ, ಹಿಂದೆಯೇ ಪೊಲೀಸರು ಬರುತ್ತಾರೆ. ಎಂಜಿನ್ ಪರೀಕ್ಷಿಸಲು ಅಕ್ಕನಿಗೆ ಸಿಕ್ಕಿದ್ದು ಇವತ್ತು ಸಂಜೆ ಐದರವರೆಗಿನ ಹೊತ್ತು ಮಾತ್ರ.

ಗೋಡೆಯ ಗಡಿಯಾರ ಎರಡೂಕಾಲು ತೋರಿಸುತ್ತಿತ್ತು.

ತಮ್ಮನಿಗೆ ಗಾಡಿ ಮುಟ್ಟುವ ಅಪ್ಪಣೆ ಇರಲಿಲ್ಲ. ಶೆಡ್ಡಿನ ಹೊರಗೆ, ಮೈದಾನ ಮಟ್ಟ ಮಾಡುವ ಕಲ್ಲಿನ ರೋಲರ್ ಮೇಲೆ ಕೂತು ಅಲ್ಲಿಂದಲೇ ಕೇಳಿದ, "ಅಕ್ಕಾ, ಏನಾದ್ರೂ ಕಾಣ್ತಾ?"

"ಕಂಡ್ರೆ ನಿನ್ನ ಕೂಗ್ತೀನಿ. ಕಾಣದಿದ್ರೆ ನಿನ್ನ ಹೆಂಡ್ತೀನ ಕೂಗ್ತೀನಿ. ಪಾತ್ರೆ ತಿಕ್ಕೋದ್ರಲ್ಲಿ ಅವಳು ನನಗಿಂತ ಗಟ್ಟಿ."

ತಮ್ಮ ನಗಲಿಲ್ಲ. ಹನ್ನೊಂದು ದಿನದಿಂದ ಅವನು ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ.

ಮೈದಾನದ ಮೇಲ್ವಿಚಾರಕ ಬರೆದುಕೊಟ್ಟಿದ್ದ ವರದಿ ಎರಡೇ ಸಾಲಿನದು. "ಎಂಜಿನ್ನಿನ ಕೆಳಗೆ ಎಣ್ಣೆ ತಡೆಯುವ ಸೀಲು ಹಳೆಯದಾಗಿ ಸೋರುತ್ತಿತ್ತು. ಚಾಲಕ ಗೊತ್ತಿದ್ದೂ ಅಲಕ್ಷ್ಯ ಮಾಡಿದ್ದಾನೆ." ನೋಡಿದವರು ಯಾರಾದರೂ ಹಾಗೆಯೇ ಬರೆದಾರು. ಎಣ್ಣೆಯೆಲ್ಲ ತಳದಲ್ಲೇ ಇತ್ತು, ಸೀಲಿನ ಸುತ್ತಲೇ ಹೆಪ್ಪುಗಟ್ಟಿತ್ತು.

ಆದರೆ ಮೂವತ್ತು ವರ್ಷ ಎಂಜಿನ್ನುಗಳ ಹೊಟ್ಟೆ ಬಗೆದವಳಿಗೆ ಒಂದು ಮಾತು ಗೊತ್ತಿತ್ತು. ಎಣ್ಣೆ ಸೋರುವುದು ಒಂದು ಕಡೆ, ಸಿಕ್ಕಿಬೀಳುವುದು ಇನ್ನೊಂದು ಕಡೆ. ಮೇಲೆ ಹುಟ್ಟಿದ ಹನಿ ಮೈಯೆಲ್ಲ ಸವರಿಕೊಂಡು ಇಳಿಯುತ್ತದೆ. ಮಧ್ಯೆ ಫ್ಯಾನಿನ ಗಾಳಿ ಅದನ್ನು ನಾಲ್ಕು ಕಡೆಗೆ ಎರಚುತ್ತದೆ. ಕೊನೆಗೆ ತಳದಲ್ಲಿ ನಿಂತ ಬಡಪಾಯಿ ಸೀಲಿನ ತಲೆಗೆ ಅಪವಾದ ಕಟ್ಟುತ್ತದೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದೋ ಅದನ್ನು ಹುಡುಕಬೇಕು. ಅಲ್ಲಿಂದ ಕೆಳಗಿನದೆಲ್ಲ ಬರೀ ದಾರಿ.

ಬಟ್ಟೆಯಿಂದ ಒರೆಸಿ ಎಂಜಿನ್ನನ್ನು ಒಣಗಿಸಿದಳು. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರೆ ತುದಿಗೂ ಎಣ್ಣೆ ಅಂಟಲಿಲ್ಲ. ಗೆರೆಯವರೆಗೆ ಮಾತ್ರ ತುಂಬಿಸಿದಳು. ಗೆರೆ ಮೀರಿ ತುಂಬಿದರೆ ಒಳ್ಳೆಯ ಎಂಜಿನ್ನೂ ಕಕ್ಕುತ್ತದೆ, ಆಮೇಲೆ ಯಾರ ಮಾತನ್ನೂ ನಂಬುವಂತಿಲ್ಲ. ಎಂಜಿನ್ನಿನ ಉಸಿರುಗೊಳವೆ ಬಿಚ್ಚಿ ಬಾಯಿಂದ ಊದಿದಳು. ಕಟ್ಟಿರಲಿಲ್ಲ. ಅದು ಕಟ್ಟಿದ್ದರೆ ಒಳಗಿನ ಒತ್ತಡಕ್ಕೆ ಸೀಲು ತಾನೇ ಸೋಲುತ್ತಿತ್ತು. ಎಣ್ಣೆ ಬಸಿಯುವ ತಿರುಪು ಬಿಗಿಯಾಗಿತ್ತು. ಎಂಜಿನ್ನಿನ ತಲೆಯ ಮುಚ್ಚಳದ ಸುತ್ತ ಬೆರಳಾಡಿಸಿದಳು. ಒಣಗಿತ್ತು.

"ಈಗ?" ಎಂದಳು ಗುಮಾಸ್ತೆ.

ಅಕ್ಕ ಚೀಲದಿಂದ ಮಗುವಿನ ಪೌಡರ್ ಡಬ್ಬಿ ತೆಗೆದಳು. "ಈಗ ಇದಕ್ಕೆ ಅಲಂಕಾರ."

ಎಂಜಿನ್ನಿನ ಮೈಗೆಲ್ಲ ಬಿಳಿ ಪುಡಿ ಉದುರಿಸಿದಳು. ಗುಮಾಸ್ತೆ ಬರೆಯುವುದನ್ನು ಬಿಟ್ಟು ನೋಡತೊಡಗಿದಳು. ಎಣ್ಣೆ ಎಲ್ಲಿ ಹುಟ್ಟುತ್ತದೋ ಅಲ್ಲಿ ಪುಡಿ ಮೊದಲು ಕಪ್ಪಾಗುತ್ತದೆ. ಎಂಜಿನ್ನಿಗೆ ಸುಳ್ಳು ಹೇಳಲು ಜಾಗವೇ ಉಳಿಯುವುದಿಲ್ಲ.

ಕೀಲಿ ತಿರುವಿದಳು. ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ನಿಧಾನ ವೇಗದಲ್ಲಿ ಹತ್ತು ನಿಮಿಷ ಓಡಿತು. ಮೈ ಬಿಸಿಯಾಯಿತು. ಪುಡಿ ಹಾಲಿನಂತೆ ಬಿಳಿಯಾಗಿಯೇ ಇತ್ತು. ಸೀಲಿನ ಸುತ್ತಲೂ ಬಿಳಿಯೇ.

"ಸೋರ್ತಾನೇ ಇಲ್ವಲ್ಲಮ್ಮ."

"ನನ್ನ ತಮ್ಮ ಹೇಳಿದ್ದೂ ಅದೇ. ಶೆಡ್ಡಲ್ಲಿ ನಿಂತಾಗ ಒಂದು ಹನಿ ಇರ್ಲಿಲ್ಲ, ಇಳಿಜಾರಿಗೆ ಬಂದು ವೇಗ ಕೊಟ್ಟಾಗ ಸುರೀತು ಅಂತ. ಯಾರೂ ನಂಬಲಿಲ್ಲ."

ವೇಗದ ಹಿಡಿಯನ್ನು ಮೇಲಕ್ಕೆ ಒತ್ತಿದಳು. ಎಂಜಿನ್ ಅಬ್ಬರಿಸಿತು. ಮೂರು ಎಣಿಸುವಷ್ಟರಲ್ಲಿ ಪಕ್ಕದಲ್ಲಿದ್ದ ಎಣ್ಣೆ ಫಿಲ್ಟರಿನ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ ಮೂಡಿತು. ಚುಕ್ಕೆ ಗೆರೆಯಾಯಿತು. ಗೆರೆ ಕೆಳಗಿಳಿದು, ಸೀಲನ್ನು ಬಳಸಿಕೊಂಡು, ಅದರ ಕೆಳಗೆ ಹನಿಗಟ್ಟಿತು. ಮರುಕ್ಷಣ ಅಂಚಿನಿಂದ ಪಿಚಕ್ಕನೆ ಎಣ್ಣೆ ಚಿಮ್ಮಿ ಅಕ್ಕನ ಮುಂಗೈಗೆ ಬಿತ್ತು.

ಎಂಜಿನ್ ಆರಿಸಿದಳು. ಸುಟ್ಟ ಕೈಯನ್ನು ನೋಡಿಕೊಳ್ಳಲೂ ಇಲ್ಲ.

"ಬರ್ಕೊಳ್ಳಿ. ಸೀಲಿನ ಮೇಲಿನ ಪುಡಿ ಎಣ್ಣೆ ಬಂದ ದಾರಿ ಒಂದನ್ನ ಬಿಟ್ಟು ಎಲ್ಲ ಕಡೆ ಬಿಳಿ. ಸೋರಿದ್ದು ಫಿಲ್ಟರಿನ ಬಾಯಿಂದ."

ಗುಮಾಸ್ತೆ ಕುರ್ಚಿ ಬಿಟ್ಟೆದ್ದು ಬಗ್ಗಿ ನೋಡಿದಳು. ಸೆರಗಿಗೆ ಎಣ್ಣೆ ತಾಗಿದ್ದೂ ಅವಳಿಗೆ ತಿಳಿಯಲಿಲ್ಲ. "ಹೌದು" ಎಂದಳು. ಬರೆದಳು.

ಮೈ ತಣಿಯಲೆಂದು ಅರ್ಧ ಗಂಟೆ ಕಾದು ಅಕ್ಕ ಫಿಲ್ಟರ್ ತಿರುಗಿಸಿ ಬಿಚ್ಚಿದಳು. ಅದರ ಬಾಯಲ್ಲಿ ಒಂದು ರಬ್ಬರ್ ಉಂಗುರ ಇರಬೇಕು, ಇತ್ತು. ಎಂಜಿನ್ನಿನ ಕಡೆಯ ಮುಖದ ಮೇಲೆ ಏನೂ ಇರಬಾರದು. ಅಲ್ಲಿ ಇನ್ನೊಂದು ಉಂಗುರ ಅಂಟಿಕೊಂಡು ಕೂತಿತ್ತು.

"ಎಷ್ಟು ಕಾಣ್ತಿದೆ ನಿಮಗೆ?"

"ಎರಡು."

"ಒಂದೇ ಇರ್ಬೇಕು. ಎರಡಿದ್ರೆ ಒಂದರ ಮೇಲೊಂದು ಜಾರುತ್ತೆ. ನಿಧಾನ ಓಡುವಾಗ ಸುಮ್ಮನಿರುತ್ತೆ, ಒತ್ತಡ ಏರಿದ್ರೆ ಬಾಯಿ ಬಿಡುತ್ತೆ. ಫಿಲ್ಟರ್ ಮೇಲೆ ಏನಾದ್ರೂ ಬರೆದಿದೆಯಾ ನೋಡಿ."

ಗುಮಾಸ್ತೆ ತಿರುಗಿಸಿ ನೋಡಿದಳು. "ಏನೂ ಇಲ್ಲ."

ಅಕ್ಕ ಗೋಡೆಯತ್ತ ಕೈ ತೋರಿದಳು. ಅಲ್ಲೊಂದು ಉದ್ದನೆಯ ಮೊಳೆಗೆ ನಾಲ್ಕು ಹಳೆಯ ಉಂಗುರಗಳು ನೇತಾಡುತ್ತಿದ್ದವು.

ಅದು ಅವರಪ್ಪ ಕಲಿಸಿದ ಪದ್ಧತಿ. ಹಳೆಯ ಫಿಲ್ಟರ್ ಬಿಚ್ಚಿದ ಕೂಡಲೇ ಅದರ ಉಂಗುರ ಬಂತೋ ಇಲ್ಲವೋ ನೋಡಿ, ಬಿಡಿಸಿ, ಮೊಳೆಗೆ ಹಾಕಬೇಕು. ಮೊಳೆಗೆ ಉಂಗುರ ಬೀಳುವ ತನಕ ಹೊಸ ಫಿಲ್ಟರ್ ಮುಟ್ಟಬಾರದು. ಹೊಸದಕ್ಕೆ ಬೆರಳ ತುದಿಯಷ್ಟು ಎಣ್ಣೆ ಸವರಿ, ಮೈಮೇಲೆ ಬಿಳಿ ಬಣ್ಣದಲ್ಲಿ ತಾರೀಖು ಬರೆಯಬೇಕು. ಕೈ ತಪ್ಪಿದರೂ ಮೊಳೆ ತಪ್ಪುವುದಿಲ್ಲ ಎನ್ನುತ್ತಿದ್ದ ಅಪ್ಪ. ಅಕ್ಕ ತಮ್ಮ ಇಬ್ಬರೂ ಅನ್ನ ತಿನ್ನುವುದನ್ನು ಕಲಿತಷ್ಟೇ ಸಹಜವಾಗಿ ಅದನ್ನು ಕಲಿತಿದ್ದರು.

"ನನ್ನ ತಮ್ಮ ಈ ಗಾಡಿಗೆ ನಾಲ್ಕು ಸಲ ಫಿಲ್ಟರ್ ಬದಲಾಯಿಸಿದ್ದಾನೆ. ಇದರ ಮೊಳೇಲೂ ನಾಲ್ಕೇ. ತಾರೀಖಿಲ್ಲದ ಈ ಫಿಲ್ಟರ್ ಅವನು ಹಾಕಿದ್ದಲ್ಲ."

ಗುಮಾಸ್ತೆ ಪೆನ್ನಿನ ತುದಿ ಕಚ್ಚಿದಳು. "ಉಂಗುರ ಎರಡನ್ನೂ ಲಕೋಟೇಲಿ ಹಾಕಿ ಮುದ್ರೆ ಮಾಡ್ಬೇಕು. ಲಕೋಟೆ ಆಫೀಸಲ್ಲಿದೆ. ನೀವೇನೂ ಮುಟ್ಬೇಡಿ, ಬಂದೆ." ಅವಳು ಹೋದಳು.

ಅವಳು ಹೋಗುವುದನ್ನೇ ಕಾಯುತ್ತಿದ್ದವನಂತೆ ಹಿಂಬಾಗಿಲಿನಿಂದ ಮೇಲ್ವಿಚಾರಕ ಬಂದ. ಮೊದಲು ಬಂದದ್ದು ಅವನ ಕೀಲಿಗೊಂಚಲಿನ ಸದ್ದು. ನಡೆಯುವಾಗ ಅದನ್ನು ಬೆರಳಲ್ಲಿ ಆಡಿಸುವುದು ಅವನ ರೂಢಿ.

"ಏನು ಅಕ್ಕಾವ್ರೇ, ಗಾಡಿಗೆ ಪೌಡರ್ ಹಾಕಿದ್ದೀರಿ. ಮದುವೆ ಗಿದುವೆ ಇದೆಯಾ?"

"ಹೆಣ್ಣು ಒಪ್ಪಿದೆ. ಗಂಡನ್ನ ಹುಡುಕ್ತಿದ್ದೀನಿ. ಎರಡನೇ ಉಂಗುರ ತೊಡಿಸಿದವನು ಯಾರು ಅಂತ."

ಅವನು ಬಗ್ಗಿ ನೋಡಿದ. ಮುಖದಲ್ಲಿ ಆಶ್ಚರ್ಯ ಇರಬೇಕಾಗಿತ್ತು. ಇರಲಿಲ್ಲ. "ಓ, ಹಳೇ ಉಂಗುರ ತೆಗೆಯೋದು ಮರೆತಿದ್ದಾನೆ ನಿಮ್ಮ ತಮ್ಮ. ಸರಿ, ವರದೀಲಿ ಒಂದು ಸಾಲು ಬದಲಾದ್ರಾಯ್ತು."

"ತಾರೀಖು ಬರೆದಿಲ್ಲ."

"ಉಂಗುರ ಮರೆತವನು ತಾರೀಖು ನೆನಪಿಟ್ಕೋತಾನಾ?"

"ಶುಕ್ರವಾರ ಸಂಜೆ ಅವನು ಶೆಡ್ಡಿನ ಕೀಲಿ ನಿಮ್ಮ ಕೈಗೆ ಕೊಟ್ಟು ಹೋದ. ಆ ಶನಿವಾರ, ಭಾನುವಾರ ಅವನಿಗೆ ರಜೆ. ಸೋಮವಾರ ಬೆಳಿಗ್ಗೆ ಗಾಡಿ ಜಾರ್ತು. ಆ ಎರಡು ದಿನ ಕೀಲಿ ಎಲ್ಲಿತ್ತು?"

ಕೀಲಿಗೊಂಚಲಿನ ಸದ್ದು ನಿಂತಿತು.

"ನನ್ನ ಹತ್ರಾನೇ ಇತ್ತು. ನನ್ನ ಹತ್ರ ಇನ್ನೂ ಒಂದಿದೆ ಅಕ್ಕಾವ್ರೇ. ಮೇಜಿನ ಖಾನೇಲಿ. ಆರು ವರ್ಷದ ಹಳೇ ಉಂಗುರ. ದೊಡ್ಡ ಗಾಡಿದು."

ಅಕ್ಕನ ಕೈಯಲ್ಲಿದ್ದ ಬಟ್ಟೆ ಹಾಗೆಯೇ ನಿಂತಿತು.

"ಆ ದಿನ ಯಾವ ಕೈ ಮರೀತು, ಕೆಲಸ ಕಳ್ಕೊಂಡು ಯಾರು ಮನೆಗೆ ಹೋದ್ರು, ನಿಮಗೂ ಗೊತ್ತು ನನಗೂ ಗೊತ್ತು" ಎಂದ ಅವನು ಮೆಲ್ಲಗೆ. "ನಾಳೆ ನೀವು ಉಂಗುರದ ಮಾತೆತ್ತಿದ್ರೆ ನಾನೂ ಎತ್ಬೇಕಾಗುತ್ತೆ. ಮನೆತನದ ಚಾಳಿ ಅಂತಾರೆ ಜನ. ಅಕ್ಕ ಕಲಿಸಿದ್ದನ್ನೇ ತಮ್ಮ ಮಾಡಿದ ಅಂತಾರೆ. ಸೀಲು ಅಂತ್ಲೇ ಇರ್ಲಿ ಬಿಡಿ. ಕೆಲಸ ಒಂದು ಹೋಗುತ್ತೆ. ಪೊಲೀಸ್ ಬರದ ಹಾಗೆ ನಾನು ನೋಡ್ಕೋತೀನಿ."

"ಇನ್ನೂ ಐದು ಗಂಟೆ ಆಗಿಲ್ಲ" ಎಂದಳು ಅಕ್ಕ. "ನನ್ನ ಕೆಲಸ ಮುಗಿದಿಲ್ಲ. ದಾರಿ ಬಿಡಿ, ಬೆಳಕಿಗೆ ಅಡ್ಡ ನಿಂತಿದ್ದೀರಿ."

ಅವನು ಹೋದ. ಕೀಲಿಗಳು ಮತ್ತೆ ಸದ್ದು ಮಾಡಿದವು.

ಅಕ್ಕ ಪರಿಕರಗಳ ಪೆಟ್ಟಿಗೆಯ ಅಂಚು ಹಿಡಿದು ನಿಂತಳು. ಆರು ವರ್ಷದ ಹಿಂದೆ ಈ ಮೈದಾನದ ಮೆಕ್ಯಾನಿಕ್ ಅವಳೇ. ಅಪ್ಪ ಸತ್ತ ವಾರ ಅದು. ದೊಡ್ಡ ಗಾಡಿಯ ಫಿಲ್ಟರ್ ಬದಲಾಯಿಸಿದಳು, ಮೊಳೆ ನೋಡಲಿಲ್ಲ. ಜೀವಮಾನದಲ್ಲಿ ಅದೊಂದೇ ಸಲ. ಹಳೆಯ ಉಂಗುರ ಒಳಗೇ ಉಳಿದು, ಎಣ್ಣೆಯೆಲ್ಲ ಸುರಿದು ಎಂಜಿನ್ ಕಚ್ಚಿಕೊಂಡು ನಿಂತೇಹೋಯಿತು. ಎಣ್ಣೆ ನೋಡದೆ ಓಡಿಸಿದ ಎಂದು ಚಾಲಕನನ್ನು ಕೆಲಸದಿಂದ ತೆಗೆದರು. ಉದ್ದಣ್ಣ ಎಂದು ಎಲ್ಲರೂ ಕರೆಯುತ್ತಿದ್ದ ಮನುಷ್ಯ, ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸಿ ನಡೆಯುವವನು. ಮೊಳೆಯಲ್ಲಿ ಆ ಉಂಗುರ ಇಲ್ಲದ್ದು ಅಕ್ಕನ ಕಣ್ಣಿಗೆ ಬಿದ್ದದ್ದು ಮಾರನೆಯ ಬೆಳಿಗ್ಗೆ. ಅಷ್ಟರಲ್ಲಿ ಉದ್ದಣ್ಣ ಗಂಟುಮೂಟೆ ಕಟ್ಟಿದ್ದ. ಅವಳು ಅವನಿಗೆ ತಪ್ಪೊಪ್ಪಿ ಒಂದು ಪತ್ರ ಬರೆದಳು. ಕಳಿಸಲಿಲ್ಲ. ಇವತ್ತು, ನಾಳೆ, ಬರುವ ವಾರ ಎಂದುಕೊಳ್ಳುತ್ತ ತಿಂಗಳು ತುಂಬಿಸಿ ಕೆಲಸವನ್ನೇ ಬಿಟ್ಟಳು.

ಗುಮಾಸ್ತೆ ಲಕೋಟೆ ಹಿಡಿದು ಬಂದಳು.

"ಹಾಕೋ ಮುಂಚೆ ಒಂದು ನಿಮಿಷ" ಎಂದಳು ಅಕ್ಕ. ಫಿಲ್ಟರ್ ಬಿಚ್ಚುವಾಗಲೇ ಏನೋ ಒಂದು ಅವಳ ಬೆರಳಿಗೆ ತಾಗಿತ್ತು, ಬುದ್ಧಿಗೆ ಇನ್ನೂ ಪೂರ್ತಿ ಮುಟ್ಟಿರಲಿಲ್ಲ. "ಮೊಳೆಯಿಂದ ಒಂದು ಉಂಗುರ ತಗೊಳ್ಳಿ. ಮಡಚಿ ನೋಡಿ."

ಗುಮಾಸ್ತೆ ಮಡಚಿದಳು. ಉಂಗುರ ಒಣರೊಟ್ಟಿಯ ಹಾಗೆ ಪಟ್ಟನೆ ಮುರಿಯಿತು. ಗಾಬರಿಯಾದಳು.

"ಪರವಾಗಿಲ್ಲ. ಎಂಜಿನ್ ಶಾಖಕ್ಕೆ ಬೆಂದದ್ದು ಹಾಗೇ, ಚಪ್ಪಟೆಯಾಗಿ ಗಟ್ಟಿಯಾಗುತ್ತೆ. ಈಗ ಎಂಜಿನ್ ಮುಖದ ಮೇಲಿರೋದನ್ನ ಬಿಡಿಸಿ ಮಡಚಿ."

ಅದು ಬಗ್ಗಿತು. ಬಿಟ್ಟರೆ ಮತ್ತೆ ಗುಂಡಗಾಯಿತು. ಫಿಲ್ಟರಿನ ಬಾಯಿಯದನ್ನೂ ಒತ್ತಿ ನೋಡಿದಳು. ಎರಡೂ ಒಂದೇ ಥರ ಮೃದು.

"ಎರಡೂ ಹೊಸದು" ಎಂದಳು ಗುಮಾಸ್ತೆ, ತನ್ನಷ್ಟಕ್ಕೆ ತಾನೇ.

"ಮರೆತ ಉಂಗುರ ಹಳೇದಿರುತ್ತೆ. ಹೊಸದನ್ನ ಯಾರೂ ಮರೀಯೋಕಾಗಲ್ಲ. ಇನ್ನೊಂದು ಹೊಸ ಫಿಲ್ಟರಿನ ಬಾಯಿಂದ ಕಿತ್ತು, ತಂದು, ಇಲ್ಲಿ ಕೂರಿಸ್ಬೇಕು. ಇದು ಮರೆವಲ್ಲಮ್ಮ. ಮರೆವಿನ ವೇಷ."

ಗುಮಾಸ್ತೆ ಪೆನ್ನು ಎತ್ತಿದಳು, ಈ ಸಲ ಅಕ್ಷರ ಅಕ್ಷರವಾಗಿ ಬರೆದಳು. ಲಕೋಟೆಗೆ ಮುದ್ರೆ ಬಿತ್ತು. ನಾಲ್ಕು ಗಂಟೆಯಾಗಿತ್ತು.

ಅಕ್ಕ ಹೊರಗೆ ಬಂದು ತಮ್ಮನ ಪಕ್ಕ ರೋಲರ್ ಮೇಲೆ ಕೂತಳು. ಪರಿಕರದ ಪೆಟ್ಟಿಗೆಯ ಮೇಲಿನ ತಟ್ಟೆ ಎತ್ತಿ, ತಳದಿಂದ ಒಂದು ಲಕೋಟೆ ತೆಗೆದಳು. ಆರು ವರ್ಷ ಸ್ಪ್ಯಾನರುಗಳ ಕೆಳಗೆ ಮಲಗಿದ ಲಕೋಟೆ. ಒಂದು ಮೂಲೆಯಿಂದ ಎಣ್ಣೆ ಏರಿ ಏರಿ ಅರ್ಧ ವಿಳಾಸದವರೆಗೆ ಬಂದಿತ್ತು.

ಹೇಳಬೇಕಾದದ್ದನ್ನು ಹೇಳಿದಳು. ಸುತ್ತಿ ಬಳಸಿ ಹೇಳಲಿಲ್ಲ.

ತಮ್ಮ ಮೈದಾನದ ಕಡೆ ತಿರುಗಿದ. ಹನ್ನೊಂದು ದಿನದಿಂದ ಕತ್ತರಿಸದ ಹುಲ್ಲು ಪಾದ ಮುಳುಗುವಷ್ಟಾಗಿತ್ತು.

"ಉದ್ದಣ್ಣನ ಹತ್ರಾನೇ ನಾನು ಗಾಡಿ ಓಡಿಸೋದು ಕಲ್ತದ್ದು" ಎಂದ. "ಅವನು ಎದ್ದುಹೋದ ಸೀಟಲ್ಲೇ ನಾನು ಕೂತದ್ದು. ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಆರು ವರ್ಷ ನನ್ನ ಮನೇಲಿ ಊಟ ಮಾಡಿದ್ಯಲ್ಲಕ್ಕ, ಒಂದು ದಿನ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ವಾ?"

"ದಿನಾ ಸಿಕ್ಕಿಕೊಳ್ತಿತ್ತು. ನೀರು ಕುಡಿದು ನುಂಗ್ತಿದ್ದೆ."

ತಮ್ಮ ಲಕೋಟೆ ಇಸಿದುಕೊಂಡು ತಿರುಗಿಸಿ ನೋಡಿದ. "ನಾಳೆ ಕಳೀಲಿ. ವಿಚಾರಣೆ ಆದ್ಮೇಲೆ ಕಳಿಸು. ಈಗ ಇದು ಹೊರಗೆ ಬಂದ್ರೆ ಆ ಮನುಷ್ಯ ಹೇಳಿದ ಹಾಗೇ ಆಗುತ್ತೆ. ನನಗೂ ಮಕ್ಕಳಿದ್ದಾವೆ ಅಕ್ಕ."

"ನಾಳೆ ಅವನು ಬಾಯಿ ಬಿಟ್ಟ ಮೇಲೆ ಕಳಿಸಿದ್ರೆ ಅದು ಸಿಕ್ಕಿಬಿದ್ದವಳ ಪತ್ರ ಆಗುತ್ತೆ. ಇವತ್ತು ಕಳಿಸಿದ್ರೆ ಒಪ್ಪಿಕೊಂಡವಳದ್ದು. ರಿಜಿಸ್ಟರ್ ಮಾಡಿಸ್ತೀನಿ. ಇವತ್ತಿನ ತಾರೀಖಿನ ರಸೀದಿ ನಾಳೆ ಮೇಜಿನ ಮೇಲೆ ಇಟ್ಟು, ನಾನೇ ಮೊದಲು ಹೇಳ್ತೀನಿ. ಆಮೇಲೆ ಅವನ ಖಾನೇಲಿರೋ ಉಂಗುರಕ್ಕೆ ಯಾವ ಬೆಲೆ?"

ತಮ್ಮ ಲಕೋಟೆಯ ಎಣ್ಣೆ ಕಲೆಯನ್ನು ಹೆಬ್ಬೆರಳಲ್ಲಿ ಒರೆಸಿದ.

"ಇನ್ನೊಂದು ಕೇಳು. ನಾನು ಒಂದೇ ಸಲ ಮಾಡಿದ ತಪ್ಪನ್ನ ಯಾರೋ ನಕಲು ಮಾಡಿದ್ದಾರೆ. ಆ ತಪ್ಪು ಗೊತ್ತಿದ್ದದ್ದು ನನಗೆ, ಕೆಟ್ಟ ಎಂಜಿನ್ನಿಂದ ಉಂಗುರ ಎತ್ತಿಟ್ಕೊಂಡ ಮೇಲ್ವಿಚಾರಕನಿಗೆ. ಉದ್ದಣ್ಣನಿಗೂ ಗೊತ್ತಿಲ್ಲ, ನಾನು ಹೇಳಿಲ್ಲವಲ್ಲ. ಹಾಗಿದ್ರೆ ಉಳಿದದ್ದು ಎಷ್ಟು ಜನ?"

ತಮ್ಮ ಎದ್ದು ನಿಂತ. ಲಕೋಟೆಯನ್ನು ಅಕ್ಕನಿಗೆ ಕೊಡದೆ ತಾನೇ ಹಿಡಿದುಕೊಂಡ. "ನಡಿ. ಐದಕ್ಕೆ ಮುಚ್ತಾರೆ."

ಅಂಚೆ ಕಚೇರಿ ರಸ್ತೆ ದಾಟಿದರೆ ಸಿಗುವಷ್ಟು ಹತ್ತಿರ. ಅಷ್ಟು ಹತ್ತಿರದ ದಾರಿ ಆರು ವರ್ಷ ಎಷ್ಟು ದೂರವಿತ್ತು ಎಂದು ಅಕ್ಕ ನಡೆಯುತ್ತ ಯೋಚಿಸಿದಳು. ಒಳಗೆ ಬೇರೆ ಗಿರಾಕಿಗಳಿರಲಿಲ್ಲ. ಕೌಂಟರಿನ ಗೂಡಿನ ಆಚೆ ಕೂತಿದ್ದ ಅಂಚೆಯಮ್ಮ ಕನ್ನಡಕ ಏರಿಸಿ ಲಕೋಟೆಯನ್ನು ಬೆಳಕಿಗೆ ಹಿಡಿದಳು.

"ಇದೇನಮ್ಮ, ಪತ್ರಾನೋ, ಕರಿದ ತಿಂಡಿ ಕಟ್ಟಿದ ಕಾಗದಾನೋ?"

"ಪತ್ರಾನೇ. ಸ್ವಲ್ಪ ತಡವಾಯ್ತು. ಹೊಸ ಲಕೋಟೆ ಬೇಡ, ಇದೇ ಹೋಗ್ಲಿ."

ಅಂಚೆಯಮ್ಮ ವಿಳಾಸವನ್ನು ಅಕ್ಷರ ಕೂಡಿಸಿ ಓದಿದಳು. ಓದಿ, ನಿಂತಳು. ಪಕ್ಕದ ದಪ್ಪ ಪುಸ್ತಕ ಎಳೆದು ಹಾಳೆ ತಿರುವಿದಳು.

"ಈ ವಿಳಾಸಕ್ಕೆ ಹೋಗಲ್ಲ ಇದು. ಈತ ತಿಂಗಳ ಹಿಂದೆ ಬಂದು, ನನ್ನ ಪತ್ರಗಳನ್ನೆಲ್ಲ ಹೊಸ ಮನೆಗೆ ತಿರುಗಿಸಿ ಅಂತ ಬರೆದುಕೊಟ್ಟು ಹೋಗಿದ್ದಾರೆ. ನನಗೆ ನೆನಪಿದೆ, ಆ ಬಾಗಿಲು ದಾಟುವಾಗ ತಲೆ ಬಗ್ಗಿಸಿದ್ರು, ಅಷ್ಟು ಎತ್ತರ."

ಅಕ್ಕ ಗೂಡಿನತ್ತ ಬಗ್ಗಿದಳು. "ಹೊಸ ಮನೆ ಎಲ್ಲಿ?"

"ದೂರ ಏನಿಲ್ಲ. ಇಲ್ಲೇ ಎದುರಿಗೆ." ಅಂಚೆಯಮ್ಮ ಪುಸ್ತಕದ ಮೇಲೆ ಬೆರಳಿಟ್ಟಳು. "ಮೈದಾನದ ಹಿಂದಿನ ವಸತಿ, ಒಂದನೇ ಮನೆ."

ತಮ್ಮ ಅಕ್ಕನ ತೋಳು ಹಿಡಿದ. ಆ ವಸತಿಯಲ್ಲಿ ಒಂದನೇ ಮನೆ ಯಾರದೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕೀಲಿಗೊಂಚಲು ಆಡಿಸುತ್ತ ದಿನಾ ಸಂಜೆ ಆ ಬಾಗಿಲು ತೆಗೆಯುವವನು ಒಬ್ಬನೇ.

"ಅಕ್ಕಾ, ಬೇಡ" ಎಂದ ತಮ್ಮ, ತಗ್ಗಿದ ದನಿಯಲ್ಲಿ. "ಅಲ್ಲಿಗೆ ಹೋದ್ರೆ ಯಾರ ಕೈಗೆ ಸಿಗುತ್ತೋ. ಉದ್ದಣ್ಣನೇ ಆ ಎರಡು ದಿನ ಶೆಡ್ಡಿಗೆ..."

ಉಂಗುರ ಕೂರಿಸಿದ ಕೈ ಯಾವುದು, ಕಲಿಸಿದ ಬಾಯಿ ಯಾವುದು ಎಂಬ ಪ್ರಶ್ನೆ ಗೂಡಿನ ಮುಂದೆ ಇಬ್ಬರ ನಡುವೆ ಬಂದು ನಿಂತಿತ್ತು. ಆರು ವರ್ಷ ಅಕ್ಕ ಮುಚ್ಚಿಟ್ಟಿದ್ದನ್ನು ಮೇಲ್ವಿಚಾರಕ ಉದ್ದಣ್ಣನಿಗೆ ಬೇರೆ ಥರ ಬಿಚ್ಚಿ ಹೇಳಿದ್ದರೆ?

"ಏನಮ್ಮ, ಕಳಿಸ್ಲಾ, ವಾಪಸ್ ಕೊಡ್ಲಾ? ಮುಚ್ಚೋ ಹೊತ್ತಾಯ್ತು."

ಅಕ್ಕ ಸುಟ್ಟ ಮುಂಗೈಯಿಂದಲೇ ಲಕೋಟೆಯನ್ನು ಗೂಡಿನೊಳಕ್ಕೆ ನೂಕಿದಳು. "ಬರೆದದ್ದು ಆ ಮನುಷ್ಯನಿಗೆ. ಅವನು ಎಲ್ಲಿದ್ದಾನೋ ಅಲ್ಲಿಗೇ ಹೋಗ್ಲಿ. ಅವನ ಸಹಿ ಬೀಳದೆ ಯಾರ ಕೈಗೂ ಕೊಡಬಾರದು ಅಂತ ಬರೀರಿ."

ಅಂಚೆಯಮ್ಮ ಬರೆದಳು. ಮುದ್ರೆ ಎತ್ತಿ ಒತ್ತಿದಳು. ಎಣ್ಣೆಯ ಕಲೆಯ ಮೇಲೆ ಇವತ್ತಿನ ತಾರೀಖು ಮೂಡಿತು. ರಸೀದಿ ಹರಿದು ಕೊಟ್ಟು ಲಕೋಟೆಯನ್ನು ಹಿಂದಿನ ಚೀಲಕ್ಕೆ ಹಾಕಿದಳು.

"ಯಾವಾಗ ಮುಟ್ಟುತ್ತೆ?" ಎಂದ ತಮ್ಮ.

"ಎದುರು ಮನೆ ತಾನೆ. ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಬಾಗಿಲು ಅದೇ."

ವಿಚಾರಣೆ ಹತ್ತಕ್ಕಿತ್ತು.